ಅಜ್ಜಿಗೆ ಹೆಣೆದ ಹೊದಿಕೆ

ಉಣ್ಣೆಗೆ ಮೈಲಿಗೆ ಇಲ್ಲ. ನಮ್ಮ ಮನೆಯ ಈ ಶಾಸ್ತ್ರ ಗೊತ್ತಿಲ್ಲದವರಿಗೆ, ಮಂಗಳೂರಿನ ಏಪ್ರಿಲ್ ಸೆಕೆಯಲ್ಲಿ ಬೆವರುತ್ತಾ ಉಲ್ಲನ್ ಹೊದಿಕೆ ಹೆಣೆಯುತ್ತಿದ್ದ ನಾನು ಹುಚ್ಚಿಯಂತೆ ಕಂಡಿರಬೇಕು. ಅಜ್ಜಿ ಮಡಿಯವಳು. ಸಿಟಿ ಬಸ್ಸಿನಲ್ಲಿ ಎಲ್ಲರಿಗೂ ತಾಗಿ ಕಾಲೇಜಿನಿಂದ ಬರುವ ನಾನು ಅವಳ ಹತ್ತಿಯ ಸೀರೆಯನ್ನು ಮುಟ್ಟಿದರೆ ಅದು ಮತ್ತೆ ನೀರಿಗೆ ಬೀಳಬೇಕು. ಉಣ್ಣೆಯಾದರೆ ಬೇಡ. ಮಳೆಗಾಲದಲ್ಲಿ ಅವಳಿಗೆ ದಮ್ಮು ಏಳುತ್ತಿತ್ತು. ನನ್ನ ಕೈಯಿಂದ ಹೊರಟು ಅವಳ ಮೈಗೆ ತಲುಪಬಹುದಾದದ್ದು ಇದೊಂದೇ ಎಂದು ನನಗೆ ಹೊಳೆದಿತ್ತು.

ಐವತ್ತರ ದಶಕದ ಕೊನೆಯ ವರ್ಷಗಳು, ನಾನು ಬಿ.ಎ. ಓದುತ್ತಿದ್ದೆ. ಹಂಪನಕಟ್ಟೆಯಲ್ಲಿ ಹುಡುಕಿ ಉಲ್ಲನ್ ತಂದೆ. ಬಣ್ಣ ಕಡು ಹಸಿರು ಎಂದು ನೆನಪು. ಅಕ್ಕ ನೀಲಿ ಎನ್ನುತ್ತಾಳೆ. ಕಲಿಸಿದವರು ಪಕ್ಕದ ಮನೆಯ ಕೊಂಕಣಿ ಬಾಯಮ್ಮ.

"ಸುರುವಿಗೇ ಡಿಸೈನ್ ಗಿಸೈನ್ ಬೇಡ. ಹೋಗುವಾಗಲೂ ಬರುವಾಗಲೂ ಒಂದೇ ಹೊಲಿಗೆ," ಎಂದರು.

ಅರ್ಧ ಮುಗಿಸಿ ತೋರಿಸಿದಾಗ ಅವರು ಬಿಡಿಸಿ ಹಿಡಿದು ನಕ್ಕುಬಿಟ್ಟರು. "ಇದೆಂತ ಮಾರಾಯ್ತಿ, ಹೊದಿಕೆಯಾ ಬೀಸಣಿಗೆಯಾ?"

ಪ್ರತಿ ಸಾಲಿನ ಸುರುವಿಗೆ ನೂಲು ಸೂಜಿಯ ಮೇಲಿಂದ ಹಾದು, ಬೇಡದ ಕುಣಿಕೆಗಳು ಸೇರಿಕೊಂಡು, ಹೊದಿಕೆ ಅಗಲವಾಗುತ್ತಲೇ ಹೋಗಿತ್ತು. ಬಿಚ್ಚಲು ಮನಸ್ಸಾಗಲಿಲ್ಲ. ಅಗಲದ ಕಡೆ ಅಜ್ಜಿಯ ಕಾಲಿಗೆ ಇರಲಿ ಎಂದುಕೊಂಡೆ. ಆ ಸಂಜೆ ಅಕ್ಕನಿಗೆ ಈ ಕಥೆಯನ್ನೆಲ್ಲ ಹೇಳಿ ಇಬ್ಬರೂ ನಕ್ಕೆವು.

ಮುಗಿದ ದಿನ ಅಜ್ಜಿಯ ಮಡಿಲಿಗೇ ಹಾಕಿದೆ. ಅವಳು ಎರಡೂ ಅಂಗೈಯಿಂದ ಸವರಿದಳು. "ಮಳೆ ಬರಲಿ, ಹೊದೆದುಕೊಳ್ತೇನೆ," ಎಂದು ತನ್ನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದಳು. ಬೀಗದ ಕೈ ಸದಾ ಅವಳ ಸೊಂಟದಲ್ಲೇ.

ಮಳೆ ಬಂತು. ಅದರ ಬೆನ್ನಿಗೇ ಅಕ್ಕನನ್ನು ನೋಡಲು ಗಂಡಿನವರೂ ಬಂದರು. ಹುಡುಗಿಯ ಕೈಕೆಲಸವನ್ನು ಚಾವಡಿಯಲ್ಲಿ ಹರಡಿ ತೋರಿಸುವುದು ಆಗಿನ ಕ್ರಮ. ಕಾಫಿಯ ತಟ್ಟೆ ಹಿಡಿದು ಹೋದವಳು ನೋಡುತ್ತೇನೆ, ಅಕ್ಕ ಕಸೂತಿ ಹಾಕಿದ ದಿಂಬಿನ ಚೀಲಗಳ ಪಕ್ಕದಲ್ಲಿ ನನ್ನ ಹೊದಿಕೆ.

"ಇದು ಯಾರು ಹೆಣೆದದ್ದು?" ಹುಡುಗನ ತಾಯಿ ಕೇಳಿದರು.

"ಅವಳೇ," ಎಂದಳು ಅಮ್ಮ, ಅಕ್ಕನ ಕಡೆ ತೋರಿಸಿ. "ಕೈಕೆಲಸ ಅಂದ್ರೆ ಅವಳಿಗೆ ಊಟ ಸಹ ಬೇಡ."

"ಒಂದು ಬದಿ ಅಗಲ ಉಂಟಲ್ಲ?"

ಅಕ್ಕ ತಲೆ ತಗ್ಗಿಸಿಯೇ ಉತ್ತರ ಕೊಟ್ಟಳು. "ಮೊದಲ ಸಲ ಹೆಣೆದದ್ದು. ಸಾಲಿನ ಸುರುವಿಗೆ ನೂಲು ಸೂಜಿಯ ಮೇಲೆ ಬಂದು ಹೆಚ್ಚಾಯ್ತು."

ಅಮ್ಮನ ಸುಳ್ಳನ್ನು ನುಂಗಬಹುದಿತ್ತು. ಅಕ್ಕ ನನ್ನ ತಪ್ಪನ್ನೂ ತನ್ನದಾಗಿಸಿಕೊಂಡಿದ್ದಳು, ನನ್ನದೇ ಮಾತಿನಲ್ಲಿ.

"ಸತ್ಯ ಹೇಳುವ ಹುಡುಗಿ," ಎಂದರು ಆ ತಾಯಿ. "ನಮ್ಮ ಮನೆಗೆ ಬರುವಾಗ ಇದನ್ನೂ ತಾ, ಆಯ್ತಾ?"

ಎಲ್ಲರೂ ನಕ್ಕರು. ನಾನೂ ನಕ್ಕೆನೇ? ನಗದೆ ನಿಂತಿದ್ದೆ ಎಂದು ಬರೆಯಲು ಆಸೆಯಾಗುತ್ತದೆ, ಆದರೆ ಖಾತ್ರಿಯಿಲ್ಲ.

ಅವರು ಹೋದ ಮೇಲೆ ಅಡುಗೆಮನೆಯಲ್ಲಿ ಅಮ್ಮನನ್ನು ಹಿಡಿದೆ. "ಅಜ್ಜಿಗೆ ಗೊತ್ತಾಗದ ಹಾಗೆ ಬೀಗದ ಕೈ ತೆಗೆದದ್ದಾ?"

"ನಾನು ತೆಗೆಯುವುದು ಎಂತ? ಅವರೇ ಪೆಟ್ಟಿಗೆ ತೆರೆದು ಕೊಟ್ಟದ್ದು. ಅಕ್ಕನದ್ದು ಅಂತ ಹೇಳಿ ಅಂದದ್ದೂ ಅವರೇ."

ಅಲ್ಲಿಯವರೆಗೆ ಮನೆಯಲ್ಲಿ ಒಬ್ಬಳಾದರೂ ನನ್ನ ಪರ ಇದ್ದಾಳೆ ಎಂದುಕೊಂಡಿದ್ದೆ. ಅಜ್ಜಿಯ ಕೋಣೆಯ ಹೊಸ್ತಿಲಲ್ಲಿ ನಿಂತೆ, ಒಳಗೆ ಕಾಲಿಡುವಂತಿರಲಿಲ್ಲ.

"ನಿಮಗೆ ಅಂತ ಮಾಡಿದ್ದಲ್ವಾ ಅಜ್ಜಿ?"

ಅವಳು ಕೊಟ್ಟ ಉತ್ತರವೊಂದು ನನ್ನ ಬಳಿ ಉಂಟು: "ನಿನ್ನದು ಅಂತ ಹೇಳಿದರೆ ಅವರು ನಿನ್ನನ್ನೇ ಕೇಳ್ತಿದ್ದರು. ನಿನಗೆ ಓದು ಬೇಡವಾ?" ಎಷ್ಟೋ ವರ್ಷ ಇದನ್ನೇ ನಂಬಿ ಸಮಾಧಾನ ಮಾಡಿಕೊಂಡೆ. ಆದರೆ ಇದು ಅಜ್ಜಿಯ ಮಾತಿನಂತಿಲ್ಲ. ನಾನು ಓದುವುದು ಅವಳಿಗೆ ಎಂದೂ ಇಷ್ಟವಿರಲಿಲ್ಲ. ಇದನ್ನು ನಾನೇ ಆಮೇಲೆ ಅವಳ ಬಾಯಿಯಲ್ಲಿ ಇಟ್ಟಿರಬೇಕು.

ಸಂಶಯವಿಲ್ಲದೆ ನೆನಪಿರುವುದು ಇಷ್ಟೇ. ಅವಳು ಗೋಡೆಯ ಕಡೆ ಹೊರಳಿ ಸೀರೆಯ ಸೆರಗನ್ನು ಹೆಗಲ ಮೇಲೆ ಎಳೆದುಕೊಂಡಳು.

"ಬಾಗಿಲು ಹಾಕು," ಎಂದಳು. "ಗಾಳಿ ಬರ್ತದೆ."