ಗಿರಿಜಕ್ಕ ಓದದೆ ಬಿಟ್ಟ ಸಾಲುಗಳು

ಗಿರಿಜಕ್ಕ ಕೂತದ್ದನ್ನು ನಾನು ನೋಡಿದ ನೆನಪಿಲ್ಲ. ಬಸ್ಸಿನಲ್ಲಿ ಕಂಡಕ್ಟರಿಗೆಂದೇ ಒಂದು ಸೀಟು ಇರುತ್ತದಲ್ಲ, ಅವರು ಕಂಡಕ್ಟರಾಗಿದ್ದ ಬಸ್ಸಿನಲ್ಲಿ ಅದರ ಮೇಲೆ ಯಾವಾಗಲೂ ಬೇರೆ ಯಾರೋ ಇರುತ್ತಿದ್ದರು. ತವರಿಗೆ ಹೊರಟ ಬಸುರಿ, ಮೊಣಕಾಲು ಹಿಡಿದುಕೊಂಡ ಅಜ್ಜ, ಯಾರೂ ಇಲ್ಲದಿದ್ದರೆ ಒಂದು ಮೆಣಸಿನಕಾಯಿ ಚೀಲ. ಗಿರಿಜಕ್ಕ ಮಾತ್ರ ಬಾಗಿಲ ಹತ್ತಿರದ ಕಂಬಕ್ಕೆ ಬೆನ್ನು ಕೊಟ್ಟು, ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಿಸುತ್ತ, ಗದಗಿನಿಂದ ಲಕ್ಷ್ಮೇಶ್ವರದವರೆಗೂ ನಿಂತೇ ಬರುತ್ತಿದ್ದರು. ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕೊಟ್ಟರೆ ಅಡ್ಡಾಡುತ್ತಲೇ ಕುಡಿದು, ಕಪ್ಪನ್ನು ಇನ್ಯಾವುದೋ ಅಂಗಡಿಯ ಕಟ್ಟೆಯ ಮೇಲೆ ಇಟ್ಟು ಹೋಗುತ್ತಿದ್ದರು. ಚಹಾದಂಗಡಿಯವನು ಅವರು ಹೋದ ಮೇಲೆ ಕಪ್ಪು ಹುಡುಕಿಕೊಂಡು ತಿರುಗುತ್ತಿದ್ದ. ಯಾರಾದರೂ ನಿಧಾನವಾಗಿ ಮಾತು ಶುರು ಮಾಡಿದರೆ ಅದರ ಕೊನೆಯನ್ನು ತಾವೇ ಹೇಳಿ ಮುಗಿಸಿಬಿಡುತ್ತಿದ್ದರು. ಎಷ್ಟೋ ಸಲ ಆ ಕೊನೆ ತಪ್ಪಾಗಿರುತ್ತಿತ್ತು. ಅದಕ್ಕೂ ಅವರಲ್ಲಿ ಉತ್ತರವಿತ್ತು: "ತಪ್ಪಾದ್ರ ಆತು, ಜಲ್ದಿ ಆತಲ್ಲ!"

ಇಂಥವರಿಗೂ ನನಗೂ ಗುರುತಾದದ್ದು ನಾನು ಬರೆದ ಒಂದು ಕೈಪಿಡಿಯಿಂದ. ನಾನು ಗದಗಿನ ಕಾಲೇಜೊಂದರ ಕಂಪ್ಯೂಟರ್ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ, ಮನೆ ಬೆಟಗೇರಿ. ಕೈಯಲ್ಲಿ ಹಿಡಿದು ಆಡುವ ಹಳೆಯ ಗೇಮ್ ಕನ್ಸೋಲ್‌ಗಳೆಂದರೆ ನನಗೆ ಮೊದಲಿಂದ ಹುಚ್ಚು. ಕಂಪನಿ ಒಳಗಿಟ್ಟು ಕಳಿಸಿದ ಫರ್ಮ್‌ವೇರ್, ಅಂದರೆ ಕನ್ಸೋಲನ್ನು ನಡೆಸುವ ಮೂಲ ತಂತ್ರಾಂಶ, ಅಷ್ಟಕ್ಕಷ್ಟೇ ಬಿಡುತ್ತದೆ, ಇದನ್ನು ಮುಟ್ಟಬೇಡ, ಅದನ್ನು ಬದಲಿಸಬೇಡ ಎನ್ನುತ್ತದೆ. ಅದರ ಜಾಗದಲ್ಲಿ ಹವ್ಯಾಸಿಗಳು ಬರೆದ ಕಸ್ಟಮ್ ಫರ್ಮ್‌ವೇರ್ ಹಾಕಿಕೊಂಡರೆ ಕನ್ಸೋಲ್ ನಾವು ಹೇಳಿದಂತೆ ಕೇಳುತ್ತದೆ. ಆದರೆ ಹಾಕುವಾಗ ಒಂದು ಹೆಜ್ಜೆ ತಪ್ಪಿದರೂ ಅದು ಮತ್ತೆ ಏಳದ ಹಾಗೆ ಮಲಗಿಬಿಡಬಹುದು. ಇದನ್ನು ಹೊಸಬರಿಗೆ ಕನ್ನಡದಲ್ಲಿ ಹೇಳಿಕೊಡುವವರು ಇರಲಿಲ್ಲವೆಂದು ನಾನೇ ಬರೆದು, ನನ್ನ ಮೊಬೈಲ್ ನಂಬರನ್ನೂ ಕೊಟ್ಟು ಇಂಟರ್‌ನೆಟ್ಟಿಗೆ ಹಾಕಿದ್ದೆ. ಓದಿದವರು "ಸೂಪರ್ ಸರ್" ಎನ್ನುತ್ತಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ.

ಒಂದು ದಿನ ಮೊಬೈಲಿಗೆ ಧ್ವನಿಸಂದೇಶ ಬಂತು. ಹಾರ್ನು, ಎಂಜಿನ್ನು, ಯಾವುದೋ ಮಗುವಿನ ಅಳು, ಅದರ ನಡುವೆ ಒಂದು ಹೆಣ್ಣು ದನಿ: "ಸರ, ನೀವು ಬರದಿದ್ದು ಓದಿ ನಮ್ಮ ಡಬ್ಬಿ ಸತ್ತೈತಿ. ನಿಮ್ಮ ಮನಿ ಎಲ್ಲೈತಿ ಹೇಳ್ರಿ."

ರವಿವಾರ ಮುಂಜಾನೆ ಬಂದೇಬಿಟ್ಟರು. ನಲವತ್ತು ದಾಟಿದ ಎತ್ತರದ ಹೆಂಗಸು, ಟವೆಲ್ಲಿನಲ್ಲಿ ಸುತ್ತಿದ ಕನ್ಸೋಲ್. ಕುರ್ಚಿ ತೋರಿಸಿದರೆ "ಇರ್ಲಿ ಬಿಡ್ರಿ" ಎಂದು ನನ್ನ ಕೋಣೆಯಲ್ಲೇ ಮೂಲೆಯಿಂದ ಮೂಲೆಗೆ ಓಡಾಡತೊಡಗಿದರು. ನಾನು ಗುಂಡಿ ಒತ್ತಿದೆ. ಸಣ್ಣ ದೀಪ ಹೊತ್ತಿತು, ಪರದೆ ಕಪ್ಪಗೇ ಉಳಿಯಿತು. ಒಳಗಿದ್ದ ಮೆಮೊರಿ ಕಾರ್ಡು ತೆಗೆದು ನೋಡಿದಾಗ ತಿಳಿಯಿತು. ಕಾರ್ಡಿನೊಳಗೆ ಬಿಡಿಬಿಡಿಯಾಗಿ ಇರಬೇಕಾದ ಫೈಲುಗಳು ಒಂದು ಫೋಲ್ಡರಿನ ಒಳಗೆ ಕೂತಿದ್ದವು. ಕನ್ಸೋಲ್ ಅವುಗಳನ್ನು ಹುಡುಕಿ ಸಿಗದೆ ಸುಮ್ಮನಿತ್ತು.

"ಸತ್ತಿಲ್ರೀ ಅಕ್ಕಾರ. ನೀವು ಫೋಲ್ಡರ್ ಸಮೇತ ಹಾಕೀರಿ. ಒಳಗಿನ ಫೈಲ್ ಅಷ್ಟ ಹಾಕಬೇಕಿತ್ತು."

"ಹಂಗಂತ ಎಲ್ಲಿ ಬರದೀರಿ?"

ತೋರಿಸಿದೆ. ಆ ಹೆಜ್ಜೆಯ ಕೆಳಗೆ, ಸೂಚನೆ ಎಂಬ ತಲೆಬರಹದಲ್ಲಿ ಇತ್ತು.

"ಕೆಳಗ ಬರದ್ರ ಏನ ಉಪಯೋಗ? ನಾ ಮ್ಯಾಲಿಂದ ಓದ್ಕೋತ ಬರ್ತೀನಿ. ಮಾಡು ಅಂದಿರಿ, ಮಾಡಿದೆ. ಮಾಡಿದ ಮ್ಯಾಲೆ ಹಂಗ ಮಾಡಬ್ಯಾಡ ಅಂತೀರಿ!"

"ಪೂರ್ತಿ ಓದಿ ಆಮ್ಯಾಲೆ ಶುರು ಮಾಡ್ರಿ ಅಂತ ಮೊದಲನೇ ಸಾಲಿನಾಗ ಐತಲ್ರಿ."

"ಅದನ್ನೂ ಓದಿಲ್ಲ" ಎಂದರು, ಒಂದಿಷ್ಟೂ ಅಳುಕದೆ. "ಯಾರೂ ಓದಾಂಗಿಲ್ಲ ತಗೀರಿ. ಚೀಲ ಇಡಬ್ಯಾಡ್ರಿ, ಚೀಲದಾಗಿನ ಜ್ವಾಳ ಸುರುವ್ರಿ, ಹಿಂಗ ಬರದಿದ್ರ ನಂಗ ತಿಳೀತಿತ್ತು."

ಫೈಲುಗಳನ್ನು ಸರಿಯಾಗಿ ಹಾಕಿ ಪರದೆ ಬೆಳಗಿಸಿ ಕೊಟ್ಟೆ; ಉಳಿದ ಹೆಜ್ಜೆಗಳನ್ನು ತಾವೇ ಮಾಡುವುದಾಗಿ ಹೇಳಿ ಕನ್ಸೋಲ್ ಸುತ್ತಿಕೊಂಡರು. ಅವರು ಹೋದ ಮೇಲೆ ಜ್ವಾಳದ ಚೀಲದ ಆ ಸಾಲನ್ನು ಹಾಗೇ ಬರೆದೆ. ಕೈಪಿಡಿಯಲ್ಲಿ ಈಗಲೂ ಹಾಗೇ ಇದೆ.

ಗೇಮು ಅವರಿಗಲ್ಲ, ತಮ್ಮನಿಗೆ. ಇದನ್ನೂ ಅವರು ಹೇಳಿದ್ದು ಹೊಸ್ತಿಲು ದಾಟುತ್ತ, ಚಪ್ಪಲಿ ಮೆಟ್ಟಿಕೊಳ್ಳುತ್ತ. ತಮ್ಮ ಶೇಖಪ್ಪ ಶಿರಹಟ್ಟಿಯಲ್ಲಿ ಅವರ ಜೊತೆಗೇ ಇದ್ದ. ಪಂಪ್‌ಸೆಟ್ಟಿನ ಮೋಟಾರ್ ವೈಂಡಿಂಗ್ ಅವನ ಕೆಲಸ. ತಂತಿಯನ್ನು ಎಳೆ ಎಳೆಯಾಗಿ ಸುತ್ತುವ, ಬಲು ತಾಳ್ಮೆಯ ಕೆಲಸ. ನೆಂಟರ ಹೊಲದಲ್ಲಿ ಮೇವು ಕತ್ತರಿಸುವ ಯಂತ್ರಕ್ಕೆ ಬಲಗೈ ಸಿಕ್ಕು ಬೆರಳುಗಳು ಹೋದವು. ಗಾಯ ಮಾಯ್ದಿತ್ತು, ಅವನು ಮಾತ್ರ ಗೋಡೆಯ ಕಡೆ ಮುಖ ಮಾಡಿ ಮಲಗಿದವನು ಎದ್ದಿರಲಿಲ್ಲ. ಚಿಕ್ಕವರಿದ್ದಾಗ ಇಬ್ಬರೂ ಗದಗಿನ ವಿಡಿಯೋ ಗೇಮ್ ಅಂಗಡಿಗೆ ಕದ್ದು ಹೋಗುತ್ತಿದ್ದರಂತೆ. ಅವನು ಆಡುವುದು, ಅಕ್ಕ ಹಿಂದೆ ನಿಂತು ಕೂಗುವುದು. ಆ ನೆನಪಿನ ಮೇಲೆ ಹಳೆಯ ಕನ್ಸೋಲ್ ಕೊಂಡು ತಂದಿದ್ದರು. ಆದರೆ ಅದರ ಗುಂಡಿಗಳು ಎರಡು ಕೈಯವರಿಗೆ. ಬಲಗಡೆಯ ಗುಂಡಿಗಳ ಕೆಲಸವನ್ನು ಎಡಗಡೆಗೆ ತರಬೇಕಾದರೆ ಕಸ್ಟಮ್ ಫರ್ಮ್‌ವೇರ್ ಬೇಕಿತ್ತು.

"ಅಂವ ಗ್ವಾಡಿ ನೋಡೂದು ನನ್ನ ಕಡಿಂದ ನೋಡಾಕ ಆಗವಲ್ದು, ಸರ" ಎಂದು ಹೇಳಿ, ನಾನು ಬಾಯಿ ತೆರೆಯುವುದರೊಳಗೆ ಓಣಿಯ ತಿರುವಿನಲ್ಲಿದ್ದರು.

ಕೈಪಿಡಿಯನ್ನು ಮೊದಲಿಂದ ತಿದ್ದೋಣ, ಮನೆಗೆ ಬನ್ನಿ ಎಂದು ಕರೆದೆ. "ನಾ ಒಂದ ಕಡೆ ಇರಾಕಿ ಅಲ್ಲ, ನೀವ ಬಸ್ಸಿಗೆ ಬರ್ರಿ" ಎಂದರು. ಹೀಗೆ ರವಿವಾರಗಳಲ್ಲಿ ನಾನು ಟಿಕೆಟ್ ತೆಗೆಸಿ, ಬಾಗಿಲ ಹತ್ತಿರದ ಸೀಟು ಹಿಡಿದು, ಗದಗಿನಿಂದ ಮುಳಗುಂದ, ಲಕ್ಷ್ಮೇಶ್ವರ, ಶಿರಹಟ್ಟಿ ಎಂದು ತಿರುಗತೊಡಗಿದೆ. ಎರಡು ಸ್ಟಾಪಿನ ನಡುವೆ ಒಂದೊಂದು ಹೆಜ್ಜೆ ಓದಿ ಹೇಳಬೇಕು. ಅವರಿಗೆ ತಿಳಿಯದಿದ್ದರೆ ತಿದ್ದಬೇಕು, ತಿಳಿದರೂ ಸಮಾಧಾನವಿರಲಿಲ್ಲ. ಪಕ್ಕದಲ್ಲಿ ಯಾರಿದ್ದರೆ ಅವರನ್ನು ಕೇಳುತ್ತಿದ್ದರು. ಒಮ್ಮೆ ಮುಳಗುಂದದಲ್ಲಿ ಹತ್ತಿದ ದರ್ಜಿಯೊಬ್ಬರು ಸಿಕ್ಕಿಬಿದ್ದರು. "ಸಾಧನವನ್ನು ಮರುಪ್ರಾರಂಭಿಸಿ" ಎಂದು ನಾನು ಓದಿದೆ. ದರ್ಜಿ ಕನ್ನಡಕ ಸರಿ ಮಾಡಿಕೊಂಡು ಯೋಚಿಸಿ, "ಏನು, ಸಾಧನೀನ? ಯಾವ ಊರಿನಾಕಿ?" ಎಂದರು. ಬಸ್ಸಿಗೆ ಬಸ್ಸೇ ನಕ್ಕಿತು. ಗಿರಿಜಕ್ಕ ನಗಲಿಲ್ಲ. "ಬರಕೋರಿ ಸರ. ಡಬ್ಬಿ ಬಂದ್ ಮಾಡ್ರಿ, ಮತ್ತ ಚಾಲೂ ಮಾಡ್ರಿ. ಮುಗೀತು. ಮುಂದಿಂದು ಓದ್ರಿ, ಸ್ಟಾಪ್ ಬಂತು."

ಪುಟ ಕರಗುತ್ತ ಬಂತು. ಎಚ್ಚರಿಕೆಗಳೆಲ್ಲ ಹೆಜ್ಜೆಯ ಕೆಳಗಿನಿಂದ ಮೇಲಕ್ಕೆ ಬಂದವು. ನನ್ನ ಸಂಸ್ಕೃತ ಶಬ್ದಗಳು ಒಂದೊಂದೇ ಸ್ಟಾಪಿನಲ್ಲಿ ಇಳಿದುಹೋದವು.

ಜಗಳವಾದದ್ದು ಬ್ಯಾಕಪ್ಪಿನ ವಿಷಯಕ್ಕೆ. ಹೊಸದನ್ನು ಹಾಕುವ ಮೊದಲು ಕನ್ಸೋಲಿನೊಳಗೆ ಇರುವುದೆಲ್ಲವನ್ನೂ ಒಂದು ಪ್ರತಿ ತೆಗೆದಿಟ್ಟುಕೊಳ್ಳಬೇಕು. ಮುಂದೆ ಏನಾದರೂ ಕೆಟ್ಟರೆ ಅದೊಂದೇ ಆಸರೆ. ಆದರೆ ಅದಕ್ಕೆ ಬಹಳ ಹೊತ್ತು ಹಿಡಿಯುತ್ತದೆ, ಅಷ್ಟು ಹೊತ್ತೂ ಏನನ್ನೂ ಮುಟ್ಟದೆ ಕಾಯಬೇಕು.

"ಇದನ್ನ ತಗದು ಹಾಕ್ರಿ" ಎಂದರು ಗಿರಿಜಕ್ಕ. ಲಕ್ಷ್ಮೇಶ್ವರದ ಬಸ್‌ಸ್ಟ್ಯಾಂಡು, ಮಧ್ಯಾಹ್ನದ ಬಿಸಿಲು.

"ಇದನ್ನ ಮಾತ್ರ ತಗ್ಯಾಂಗಿಲ್ರಿ."

"ಅಷ್ಟೊತ್ತು ಯಾರ ಕಾಯ್ತಾರ? ನಾ ಅಂತೂ ಬಿಟ್ಟು ಮುಂದ ಹೋಗಾಕಿ."

"ಬಿಟ್ಟು ಹೋಗಿ ಡಬ್ಬಿ ಖರೇನ ಸತ್ರ ನನ್ನ ಹತ್ರ ಬರಬ್ಯಾಡ್ರಿ. ನಿಮ್ಮ ತಮ್ಮಗ ಏನ ಹೇಳ್ತೀರಿ ಆವಾಗ?"

ಕೊನೆಯ ಮಾತು ನನ್ನ ಬಾಯಿಂದ ಬರಬಾರದಿತ್ತೇನೋ. ಅವರ ಮುಖ ಬಿಗಿಯಿತು. ಸೀಟಿ ಊದಿದರು. ನಾನು ಕೆಳಗೇ ನಿಂತಿದ್ದೆ, ಬಸ್ಸು ಹೋಯಿತು. ಆಮೇಲೆ ಕೆಲವು ವಾರ ಫೋನೂ ಇಲ್ಲ, ಸಂದೇಶವೂ ಇಲ್ಲ. ಗದಗಿನ ಸ್ಟ್ಯಾಂಡಿನಲ್ಲಿ ಕಂಡರೆ ಬೇರೆ ಕಡೆ ನೋಡುತ್ತಿದ್ದರು. ನನಗೂ ಮನೆಯಲ್ಲಿ ನಿಂತಲ್ಲಿ ನಿಲ್ಲಲು ಆಗುತ್ತಿರಲಿಲ್ಲ. ಅವರು ಆ ಹೆಜ್ಜೆ ಬಿಟ್ಟು ಮುಂದೆ ಹೋಗಿರುತ್ತಾರೆ, ಎಲ್ಲ ಮುಗಿದಿರುತ್ತದೆ ಎಂದೇ ಅನಿಸುತ್ತಿತ್ತು.

ಮುಂದೊಂದು ರವಿವಾರ ಗುರುತಿಲ್ಲದ ನಂಬರಿನಿಂದ ಫೋನು ಬಂತು. ಗಂಡು ದನಿ, ಬಹಳ ದಿನ ಬಳಸದೆ ಇಟ್ಟಂತಿತ್ತು.

"ಸರ, ನಾ ಗಿರಿಜಕ್ಕನ ತಮ್ಮ ಶೇಖಪ್ಪ. ನಮ್ಮಕ್ಕ ಬ್ಯಾಕಪ್ ಬಿಟ್ಟು ಮುಂದ ಹೊಂಟಿದ್ಲು. ನಾ ಡಬ್ಬಿ ಕಸ್ಕೊಂಡೀನಿ. ಕೊಡಾಂಗಿಲ್ಲ ಅಂದೀನಿ. ನೀವು ಒಂದೀಟು ಬರ್ತೀರೇನ್ರಿ?"

ನಾನು ಶಿರಹಟ್ಟಿಗೆ ಹೋದಾಗ ಅವನು ಪಡಸಾಲೆಯಲ್ಲಿ ಕೂತಿದ್ದ. ಕನ್ಸೋಲನ್ನು ತೊಡೆಗಳ ನಡುವೆ ಒತ್ತಿ ಹಿಡಿದಿದ್ದ. ಗಿರಿಜಕ್ಕ ಬಾಗಿಲಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಬಾಗಿಲಿಗೆ ತಿರುಗುತ್ತಿದ್ದರು. ನನ್ನನ್ನು ಕಂಡು, "ನೀವು ಬಂದ್ರಿ? ನಿಮ್ಮಂಥವನ ಒಬ್ಬ ನಮ್ಮ ಮನ್ಯಾಗೂ ಅದಾನ ನೋಡ್ರಿ" ಎಂದರು. ಜಗಳ ಅಲ್ಲಿಗೆ ಮುಗಿಯಿತು.

ಶೇಖಪ್ಪ ನನ್ನ ಕೈಪಿಡಿಯನ್ನು ಅಕ್ಕನ ಮೊಬೈಲಿನಲ್ಲಿ ಕೊನೆಯ ಸಾಲಿನವರೆಗೂ ಓದಿದ್ದ. ಎಡಗೈಯಿಂದಲೇ ಗುಂಡಿಗಳನ್ನು ಒತ್ತಿದ; ನಾನು ಪಕ್ಕದಲ್ಲಿ ಸುಮ್ಮನೆ ಕೂತಿದ್ದೆ. ಬ್ಯಾಕಪ್ ಶುರುವಾಯಿತು. ಪರದೆಯ ಮೇಲೆ ಒಂದು ಗೆರೆ ಎಡದಿಂದ ಬಲಕ್ಕೆ ತೆವಳತೊಡಗಿತು. ಗಿರಿಜಕ್ಕ ಬಂದು ಬಗ್ಗಿ ನೋಡಿದರು, ಹೋದರು, ಮತ್ತೆ ಬಂದರು.

"ನಿಂತೈತಿ ಅದು. ಅಳ್ಳಾಡವಲ್ದು. ಬಂದ್ ಮಾಡಲೇ ಶೇಖ್ಯಾ."

"ನಿಂತಿಲ್ಲಬೇ ಅಕ್ಕ. ನೀ ಹೊರಗ ಹೋಗು. ನಾ ಹೇಳ್ತೀನಿ."

ಅವರು ಹೊರಗೆ ಹೋಗಿ ಅಂಗಳ ಗುಡಿಸಿದರು. ನೀರಿನ ಡ್ರಮ್ಮು ಉರುಳಿಸಿ ತಿಕ್ಕಿದರು. ಆಗಲೇ ಗುಡಿಸಿದ ಅಂಗಳವನ್ನು ಇನ್ನೊಮ್ಮೆ ಗುಡಿಸುವ ಸದ್ದು ಕೇಳಿತು. ಗೆರೆ ಒಂದಿಷ್ಟು ಮುಂದೆ ಸರಿದಾಗ ಒಳಗಿನಿಂದ ಶೇಖಪ್ಪ, ಬಸ್ಸಿನಲ್ಲಿ ಅಕ್ಕ ಕೂಗುವ ಧಾಟಿಯಲ್ಲೇ ದನಿ ಎತ್ತಿದ: "ಮುಳಗುಂದ ಬಂತು, ಮುಳಗುಂದ! ಇಳಿಯೋರು ಇಳೀರಿ!"

ಹೊರಗೆ ಕಸಬರಿಗೆಯ ಸದ್ದು ನಿಂತಿತು.

ಸ್ವಲ್ಪ ಹೊತ್ತಿಗೆ ಮತ್ತೆ: "ಲಕ್ಷ್ಮೇಶ್ವರ ನೋಡ್ರಿ, ಲಕ್ಷ್ಮೇಶ್ವರ! ಚಹಾ ಕುಡಿಯೋರು ಜಲ್ದಿ ಬರ್ರಿ!"

ನಾನು ಎದ್ದು ಹೊರಗೆ ಇಣುಕಿದೆ. ಗಿರಿಜಕ್ಕ ತೊಳೆದ ಡ್ರಮ್ಮಿನ ಅಂಚು ಹಿಡಿದು ನಿಂತಿದ್ದರು. ಸೆರಗಿನಿಂದ ಮುಖ ಒರೆಸಿಕೊಂಡು, "ಏನು ನೋಡ್ತೀರಿ? ಎಷ್ಟ ತಿಂಗಳಾತು ಅಂವ ಒದರಿ" ಎಂದರು. ಮತ್ತೆ ಡ್ರಮ್ಮು ತಿಕ್ಕಲು ಶುರು ಮಾಡಿದರು.

"ಶಿರಹಟ್ಟಿ!" ಎಂದು ಒಳಗಿನಿಂದ ಕೂಗು ಬಂದಾಗ ಒದ್ದೆಗೈಯಲ್ಲೇ ಓಡಿ ಬಂದರು.

ಉಳಿದದ್ದು ಸಲೀಸಾಗಿ ಆಯಿತು. ಬಲಗಡೆಯ ಗುಂಡಿಯ ಕೆಲಸವನ್ನು ಎಡಗಡೆಯ ಮೇಲಂಚಿನ ಗುಂಡಿಗೆ ಹೊಂದಿಸಿದೆವು. ಶೇಖಪ್ಪ ಕನ್ಸೋಲನ್ನು ಬಲ ಮಣಿಕಟ್ಟಿನ ಮೇಲೆ ಊರಿಕೊಂಡು ಆಡಿದ. ಸೋತ. ಮತ್ತೆ ಆಡಿದ, ಮತ್ತೆ ಸೋತ. ಹಿಂದೆ ನಿಂತು ಗಿರಿಜಕ್ಕ "ಹಾರಲೇ, ಹಾರು! ಈಗಲ್ಲ, ಆಗ!" ಎಂದು ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದರು.

ಗೇಮಿನ ಹುಚ್ಚು ಅವನಿಗೆ ಬಹಳ ದಿನ ಉಳಿಯಲಿಲ್ಲ. ಹಿಡಿಸಿದ್ದು ಕೈಪಿಡಿ. ಓದುಗರು ಎಲ್ಲಿ ಸಿಕ್ಕಿಕೊಂಡಿದ್ದಾರೆಂದು ಕೇಳಿ, ಎಡಗೈ ಹೆಬ್ಬೆರಳಿನಿಂದ ಅವರಿಗೆ ಉತ್ತರ ಬರೆಯತೊಡಗಿದ. ಬ್ಯಾಕಪ್ಪಿನ ಹೆಜ್ಜೆಯನ್ನು ಪೂರ್ತಿ ಅವನೇ ಬರೆದ: ಗೆರೆ ಎಲ್ಲಿಗೆ ಬಂದಾಗ ನಿಂತಂತೆ ಕಾಣುತ್ತದೆ, ಆಗ ಯಾಕೆ ಹೆದರಬಾರದು, ಅಷ್ಟರಲ್ಲಿ ಮನೆಯಲ್ಲಿ ಏನೇನು ಕೆಲಸ ಮುಗಿಸಿಕೊಳ್ಳಬಹುದು. ಕಡೆಗೆ ಗದಗಿನ ಮೊಬೈಲ್ ರಿಪೇರಿ ಅಂಗಡಿಯೊಂದರಲ್ಲಿ, ಫರ್ಮ್‌ವೇರ್ ಹಾಕುವ ಕೆಲಸಕ್ಕೆ ಸೇರಿ ಅಲ್ಲೇ ಕೋಣೆ ಹಿಡಿದ. ಕನ್ಸೋಲನ್ನೂ ಒಯ್ದ.

ಗಿರಿಜಕ್ಕ ಖುಷಿಪಟ್ಟರು, ಊರಿಗೆಲ್ಲ ಪೇಢೆ ಹಂಚಿದರು. ಆದರೆ ಯಾರಿಗಾಗಿ ಅಷ್ಟು ಅವಸರ ಮಾಡಿದ್ದರೋ ಅವನೇ ಮನೆಯಲ್ಲಿಲ್ಲದ ಮೇಲೆ ಅವರ ಅವಸರಕ್ಕೆ ದಿಕ್ಕು ತೋಚಲಿಲ್ಲ. ಶಿರಹಟ್ಟಿಯ ಮನೆಗೆ ಬೀಗ ಹಾಕಿ, ಮುಂಡರಗಿಗೆ ವರ್ಗ ಮಾಡಿಸಿಕೊಂಡು, ಕೊರ್ಲಹಳ್ಳಿಯ ಸೇತುವೆ ದಾಟಿ ಹೊಳೆಯಾಚೆ ಹೋಗುವ ದೂರದ ಗಾಡಿಗಳನ್ನು ಕೇಳಿ ಕೇಳಿ ಹತ್ತತೊಡಗಿದರು.

ನಾನು ಅವರನ್ನು ಕೊನೆಗೆ ಕಂಡದ್ದು ಮುಂಡರಗಿಯ ಬಸ್‌ಸ್ಟ್ಯಾಂಡಿನಲ್ಲಿ. ಮದುವೆಯೊಂದಕ್ಕೆ ಹೋಗಿ ಮರಳುತ್ತಿದ್ದೆ. ಅವರ ಬಸ್ಸು ಹೊರಡುವುದರಲ್ಲಿತ್ತು.

"ಅಕ್ಕಾರ, ಇನ್ನೊಂದು ಕನ್ಸೋಲಿಗೂ ಕೈಪಿಡಿ ಬರದೀನ್ರಿ. ನಿಮಗ ಕಳಸ್ಲೇನು?"

"ನನ್ನ ಹತ್ರ ಡಬ್ಬಿನ ಇಲ್ಲ, ಏನ ಮಾಡ್ಲಿ?" ಎಂದವರು ಒಂದು ಗಳಿಗೆ ತಡೆದು, "ಓದ್ರಿ ನೋಡೋಣು" ಎಂದರು.

ಮೊಬೈಲು ತೆಗೆದು, ಬಸ್ಸಿನ ಬಾಗಿಲ ಹತ್ತಿರ ನಿಂತು ಓದತೊಡಗಿದೆ. ಅವರು ಮೆಟ್ಟಿಲ ಮೇಲೆ ನಿಂತು, ಕಣ್ಣು ಪ್ಯಾಸೆಂಜರುಗಳ ಮೇಲಿಟ್ಟು, ಕಿವಿ ನನ್ನ ಕಡೆ ಕೊಟ್ಟಿದ್ದರು. ಮೊದಲ ಹೆಜ್ಜೆಗೆ ತಲೆ ಆಡಿಸಿದರು. ಡ್ರೈವರು ಹಾರ್ನು ಹೊಡೆದ. ನಾನು ಎರಡನೆಯದನ್ನು ಓದಿದೆ. ಅವರು ಅಭ್ಯಾಸದಂತೆ ಸೀಟಿ ಊದಿದರು, ಬಸ್ಸು ಜರುಗಿತು. ಆಗ ಥಟ್ಟನೆ ನನ್ನ ಕಡೆ ತಿರುಗಿ, "ತಡೀರಿ, ತಡೀರಿ! ಅದು ತಿಳೀಲಿಲ್ಲ!" ಎಂದು ಕೂಗಿದರು.

"ಯಾವುದ್ರೀ?" ನಾನು ಬಸ್ಸಿನ ಜೊತೆ ನಾಲ್ಕು ಹೆಜ್ಜೆ ಓಡಿದೆ.

ಅವರು ಬಾಗಿಲಿನಿಂದ ಹೊರಗೆ ಬಾಗಿ ಏನೋ ಹೇಳಿದರು. ಎಂಜಿನ್ನಿನ ಸದ್ದಿನಲ್ಲಿ ಕೇಳಲಿಲ್ಲ. ಕೈಯಿಂದ ಏನೋ ತಿರುಗಿಸಿದಂತೆ ಮಾಡಿ ತೋರಿಸಿದರು. ಬಸ್ಸು ಗೇಟು ದಾಟಿ ಹೊಳೆಯ ದಾರಿ ಹಿಡಿಯಿತು.

ಆಮೇಲೆ ಅವರು ಇನ್ನೂ ದೂರದ ಡಿಪೋಕ್ಕೆ ಹೋದರೆಂದು ಶೇಖಪ್ಪ ಹೇಳಿದ. ನನ್ನ ಹತ್ತಿರ ಇರುವ ನಂಬರು ಹತ್ತುವುದಿಲ್ಲ. ಅವನಿಗೂ ಅವರು ಯಾವುದೋ ಸ್ಟ್ಯಾಂಡಿನಿಂದ ಫೋನು ಮಾಡಿ, ಅವನು ಮಾತು ಮುಗಿಸುವ ಮೊದಲೇ ಇಟ್ಟುಬಿಡುತ್ತಾರಂತೆ.

ಆ ದಿನ ಗದಗಿನ ಬಸ್ಸು ಬರುವವರೆಗೂ ನಾನು ಮುಂಡರಗಿಯ ಸ್ಟ್ಯಾಂಡಿನಲ್ಲಿ ಆ ಎರಡನೆಯ ಹೆಜ್ಜೆಯನ್ನು ಒಂದು ರೀತಿ ಬರೆದೆ, ಅಳಿಸಿದೆ, ಇನ್ನೊಂದು ರೀತಿ ಬರೆದೆ. ಓದಿದವರೆಲ್ಲ ಈಗ ಚೆನ್ನಾಗಿದೆ ಎನ್ನುತ್ತಾರೆ. ಗಿರಿಜಕ್ಕನಿಗೆ ತಿಳಿಯದೆ ಹೋದದ್ದು ಯಾವ ಮಾತು ಎಂದು ನನಗೆ ಇನ್ನೂ ಗೊತ್ತಾಗಿಲ್ಲ.