ಹೆಸರು ಹೇಳದ ಕ್ಯಾರಿಯರ್

ನಾನು ನಂಜನಗೂಡಿನಲ್ಲಿ ಮೋಟಾರ್ ವೈಂಡಿಂಗ್ ಕೆಲಸ ಮಾಡುವವನು. ಹೆಡತಲೆ, ಕವಲಂದೆ ಕಡೆಯಿಂದ ರೈತರು ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳನ್ನು ತರುತ್ತಾರೆ. ಹಳೆಯ ತಂತಿ ಬಿಚ್ಚಿ ಹೊಸದು ಸುತ್ತಿಕೊಡುತ್ತೇನೆ. ಎಸ್ಸೆಸ್ಸೆಲ್ಸಿ ಪಾಸು ಮಾಡಿದ್ದು ಮೂವತ್ತನಾಲ್ಕನೆಯ ವಯಸ್ಸಿನಲ್ಲಿ, ಖಾಸಗಿಯಾಗಿ ಕಟ್ಟಿ. ಇದನ್ನೂ ಫೋನಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದೇನೆ. ಮೂರು ಭಾನುವಾರ ಹಿಡಿಯಿತು.

ಪಾಸಾದ ಮೇಲೆ ಇನ್ನೊಂದು ಪರೀಕ್ಷೆ ಬರೆದೆ. ಅದು ಹ್ಯಾಮ್ ರೇಡಿಯೋ ಲೈಸೆನ್ಸಿನದು. ಹವ್ಯಾಸಕ್ಕಾಗಿ ಸ್ವಂತ ರೇಡಿಯೋದಲ್ಲಿ ಊರಿಂದೂರಿಗೆ ಮಾತಾಡುವವರಿಗೆ ಸರ್ಕಾರ ಕೊಡುವ ಅನುಮತಿ ಅದು. ಜೊತೆಗೆ ಆರು ಅಕ್ಷರ-ಅಂಕಿಗಳ ಒಂದು ಕಾಲ್‌ಸೈನ್ ಕೊಡುತ್ತಾರೆ. ಗಾಳಿಯಲ್ಲಿ ನಮ್ಮ ಹೆಸರು ಅದೇ.

ಕಲಿಸಿದವರು ತಿ. ನರಸೀಪುರದಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದವರು. ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ, ಆದರೂ ನಾನು ಅವರನ್ನು ಕರೆಯುವುದು ಮೇಷ್ಟ್ರೇ ಎಂದು. ಇಂಗ್ಲಿಷಿನ ಇಪ್ಪತ್ತಾರು ಅಕ್ಷರ ನನಗೆ ಸರಿಯಾಗಿ ಬಂದದ್ದು ಅವರು ಕಲಿಸಿದ ಮೋರ್ಸ್‌ನಿಂದ, ಒಂದೊಂದು ಅಕ್ಷರವೂ ಗಿಡ್ಡ ಸದ್ದು, ಉದ್ದ ಸದ್ದುಗಳ ಜೋಡಣೆಯಾಗಿ. ಕಣ್ಣಿಗಿಂತ ಮೊದಲು ಕಿವಿಗೆ ಬಂದ ವಿದ್ಯೆ ಅದು.

ಮೇಷ್ಟ್ರಿಗೆ ಹೊಸ ಸೆಟ್ಟುಗಳು ಹಿಡಿಸಲಿಲ್ಲ. ಈಗಿನ ಸೆಟ್ಟು ಮಾತನಾಡುವಾಗ ಮಾತ್ರ ಅಲೆ ಕಳಿಸುತ್ತದೆ, ಅದೂ ಬೇಕಾದಷ್ಟನ್ನೇ ಸೋಸಿ. ಹಳೆಯ ಎಎಮ್ ಸೆಟ್ಟು ಹಾಗಲ್ಲ. ಮೈಕಿನ ಸ್ವಿಚ್ ಒತ್ತಿದ ಕೂಡಲೇ ಅದರ ಅಲೆ ಹೊರಡುತ್ತದೆ, ನೀವು ಮಾತಾಡಿದರೂ ಸುಮ್ಮನಿದ್ದರೂ. ಅದನ್ನೇ ಕ್ಯಾರಿಯರ್ ಎನ್ನುತ್ತೇವೆ. ಮಾತು ಅದರ ಬೆನ್ನೇರಿ ಹೋಗುತ್ತದೆ. ಕೇಳುವವನ ರೇಡಿಯೋದಲ್ಲಿ ಅಲ್ಲಿಯವರೆಗೆ ಸೋ ಎನ್ನುತ್ತಿದ್ದ ಸದ್ದು ಒಮ್ಮೆಗೇ ತಗ್ಗಿ, ಯಾರೋ ಕೋಣೆಯೊಳಕ್ಕೆ ಬಂದು ನಿಂತಂತಾಗುತ್ತದೆ.

ಮೇಷ್ಟ್ರು ತಮಗೊಂದು ಗಾಜಿನ ವಾಲ್ವುಗಳ ಎಎಮ್ ಸೆಟ್ಟು ಕಟ್ಟಿಕೊಂಡಿದ್ದರು. ಅದರ ಜೋಡಿಯನ್ನು ನನ್ನ ಕೈಯಲ್ಲಿ ಕಟ್ಟಿಸಿದರು. ಟ್ರಾನ್ಸ್‌ಫಾರ್ಮರ್ ಸುತ್ತಿದ್ದು ನಾನೇ. ಎರಡಾಳು ಹಿಡಿದು ಎತ್ತುವಷ್ಟು ಭಾರ. ಬೆಳಿಗ್ಗೆ ಏಳಕ್ಕೆ ಅವರು ಅಲ್ಲಿಂದ, ನಾನು ಇಲ್ಲಿಂದ. ಮಾತಾಡುತ್ತಿದ್ದುದು ಹೊಳೆಯ ನೀರು, ಬಿಸಿಲು, ಸುಟ್ಟ ವಾಲ್ವು, ಇಷ್ಟೇ. ಎಲ್ಲರೂ ಹಂಚಿಕೊಂಡ ಬ್ಯಾಂಡಿನಲ್ಲಿ ಎಎಮ್ ಹೆಚ್ಚು ಜಾಗ ತಿನ್ನುತ್ತದೆಂದು ಬೇರೆ ಹ್ಯಾಮ್‌ಗಳು ರೇಗಿಸುತ್ತಿದ್ದರು. ‘ಬೈಕ್ ಸ್ಟ್ಯಾಂಡಲ್ಲಿ ರೋಡ್ ರೋಲರ್ ತಂದು ನಿಲ್ಸಿದ್ದೀರಲ್ಲ ಸಾ’ ಎಂದು ಒಬ್ಬರು ಗಾಳಿಯಲ್ಲೇ ಕೇಳಿದ್ದರು. ಮೇಷ್ಟ್ರು ನಕ್ಕು, ಪಕ್ಕಕ್ಕೆ ಸರಿದು, ಮಾತು ಮುಂದುವರಿಸಿದರು.

ಅವರು ಬೈಯುತ್ತಿದ್ದುದು ಒಂದೇ ವಿಷಯಕ್ಕೆ. ಸೆಟ್ಟು ಶ್ರುತಿ ಮಾಡಿಕೊಳ್ಳುವ ಕೆಲವರು ಕಾಲ್‌ಸೈನ್ ಹೇಳದೆ ಬರೀ ಕ್ಯಾರಿಯರ್ ಬಿಟ್ಟು, ಮಾತಾಡುವವರ ಮೇಲೆ ಕೂತುಬಿಡುತ್ತಾರೆ. ನಾನೂ ಮೊದಲ ವಾರ ಹಾಗೆ ಮಾಡಿದ್ದೆ.

‘ಎಸ್ರೇಳ್ದೆ ಬಾಗ್ಲು ತಟ್ಟೋನ್ನ ಏನಂತಾರ್ಲಾ? ಮೊದ್ಲು ಎಸ್ರೇಳು, ಆಮೇಲೆ ಏನಾರ ಮಾಡ್ಕೊ’ ಎಂದಿದ್ದರು. ಅಂದಿನಿಂದ ನಾನು ಮರೆತಿಲ್ಲ. ಯಾರಾದರೂ ಹಾಗೆ ಮಾಡಿದರೆ ಮೇಷ್ಟ್ರ ಪರವಾಗಿ ನಾನೇ ಗದರಿಸುವಷ್ಟು ಕಲಿತುಬಿಟ್ಟೆ.

ಹೋದ ವರ್ಷ ಮೇಷ್ಟ್ರಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ಮಾತು ನಿಂತಿತು. ಹೇಳಿದ್ದು ತಿಳಿಯುತ್ತದೆ, ಆದರೆ ಮಾತಾಗಲಿ ಅಕ್ಷರವಾಗಲಿ ಹೊರಗೆ ಬರುವುದು ಕಷ್ಟ ಎಂದರು ಡಾಕ್ಟರು. ನೋಡಲು ಹೋದಾಗ ಅವರ ಕೋಣೆಯಲ್ಲಿ ಸೆಟ್ಟಿನ ಮೇಲೆ ಟವಲ್ ಹೊದಿಸಿತ್ತು. ಫೋನು ಕೊಟ್ಟರೆ ಅವರು ಅದನ್ನು ಕಿವಿಯಿಂದ ಇಳಿಸಿ ಹೆಂಡತಿಯ ಕೈಗೆ ಕೊಟ್ಟುಬಿಡುತ್ತಿದ್ದರು. ಫೋನಿನಲ್ಲಿ ಆ ಕಡೆಯವರು ಉತ್ತರಕ್ಕೆ ಕಾಯುತ್ತಾರಲ್ಲ, ಅದು ಅವರಿಗೆ ಆಗುತ್ತಿರಲಿಲ್ಲ.

ರೇಡಿಯೋದಲ್ಲಿ ಸುಮ್ಮನೆ ಕೇಳಬಹುದು. ಅದಕ್ಕೇ ನಾನು ಏಳು ಗಂಟೆಯನ್ನು ಬಿಡಲಿಲ್ಲ. ದಿನವೂ ಅವರ ಕಾಲ್‌ಸೈನ್ ಕರೆದು, ನನ್ನದು ಹೇಳಿ, ಹತ್ತು ನಿಮಿಷ ಒಬ್ಬನೇ ಮಾತಾಡುತ್ತಿದ್ದೆ. ಅಲ್ಲಿ ಟವಲ್ ತೆಗೆದರೋ ಇಲ್ಲವೋ ಗೊತ್ತಿರಲಿಲ್ಲ. ಅವರು ಮತ್ತೆ ಗಾಳಿಗೆ ಬರುತ್ತಾರೋ ಇಲ್ಲವೋ, ನನಗೆ ತಿಳಿಯಬೇಕಿದ್ದದ್ದು ಅಷ್ಟೇ. ಕೇಳುವ ಧೈರ್ಯ ಇರಲಿಲ್ಲ.

ಒಂದು ಬೆಳಿಗ್ಗೆ ಕವಲಂದೆಯ ಮೋಟಾರೊಂದರ ಕಥೆ ಹೇಳಿ ಮುಗಿಸಿ ಸ್ವಿಚ್ ಬಿಟ್ಟೆ. ಸೋ ಎನ್ನುತ್ತಿದ್ದ ಸದ್ದು ತಗ್ಗಿತು. ಕ್ಯಾರಿಯರ್. ಕಾಲ್‌ಸೈನ್ ಇಲ್ಲ, ಒಂದು ಕೆಮ್ಮೂ ಇಲ್ಲ. ಅರ್ಧ ನಿಮಿಷ ಹಾಗೇ ನಿಂತಿತ್ತು. ಅದು ಹೋದ ಕೂಡಲೇ ನಾನು ಸ್ವಿಚ್ ಒತ್ತಿ ಹೇಳಿದೆ: ‘ಯಾರ್ರೀ ಅದು ಟ್ಯೂನ್ ಮಾಡ್ತಿರೋರು? ಎಸ್ರೇಳಾಕೆ ಬಾಯಿಲ್ವ? ಕಾಲ್‌ಸೈನ್ ಏಳಿ, ಇಲ್ಲ ಜಾಗ ಬಿಡಿ.’

ಆಮೇಲೆ ಯಾರೂ ಬರಲಿಲ್ಲ. ನಾನು ಅಂಗಡಿ ತೆಗೆದೆ.

ಹತ್ತು ಗಂಟೆಗೆ ಮೇಷ್ಟ್ರ ಹೆಂಡತಿಯ ಫೋನು ಬಂತು. ಆಕೆ ಜೋರು ಮಾಡಲಿಲ್ಲ.

‘ಅದು ಅವ್ರೇ ಕಣಪ್ಪ. ಎಡಗೈಲಿ ಒತ್ಕಂಡ್ ಕುಂತಿದ್ರು. ನಾನೇ ಸೆಟ್ಟಾಕ್ಕೊಟ್ಟಿದ್ದೆ.’

ಬಾಯಿಲ್ವ ಎಂದು ಕೇಳಿದ್ದೆ ನಾನು. ಕೈಯಲ್ಲಿದ್ದ ತಂತಿಯ ಸುರುಳಿಯನ್ನು ಎಲ್ಲಿಟ್ಟೆ ಎಂಬುದು ನೆನಪಿಲ್ಲ. ಮುಂದಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತು ಜೋಡಿಸಿದೆ. ಅವರು ಮಂಚದ ಮೇಲೆ ಗೋಡೆಗೆ ಒರಗಿ ಕುಳಿತಿದ್ದರು. ಕಾಲು ಮುಟ್ಟಲು ಬಗ್ಗಿದೆ. ಎಡಗೈಯಿಂದ ನನ್ನ ಭುಜ ತಡೆದರು. ಆಮೇಲೆ ಅದೇ ಕೈಯಿಂದ ತಮ್ಮ ಕಿವಿ ಹಿಡಿದುಕೊಂಡರು, ತಪ್ಪು ಮಾಡಿದ ಹುಡುಗರು ಹಿಡಿದುಕೊಳ್ಳುವ ಹಾಗೆ.

‘ಅಯ್ಯೋ, ಬುಡಿ ಮೇಷ್ಟ್ರೇ’ ಎಂದೆ. ಅವರು ಬಿಡಲಿಲ್ಲ. ನನ್ನನ್ನು ಸಮಾಧಾನ ಮಾಡಲು ಹಾಗೆ ಮಾಡುತ್ತಿರಲಿಲ್ಲ. ಹೆಸರು ಹೇಳದೆ ಬಂದದ್ದು ನಿಜಕ್ಕೂ ತಮ್ಮ ತಪ್ಪೆಂದೇ ಅವರ ಲೆಕ್ಕ.

ಅವರ ಹೆಂಡತಿ ಕಾಫಿ ತಂದು ನೋಡಿ, ‘ಇಬ್ರೂ ಇಂಗ್ ಕುಂತ್ಕಂಡ್ರೆ ತಣ್ಗಾಯ್ತದೆ’ ಎಂದರು. ಕಾಫಿ ಕುಡಿದಾದ ಮೇಲೆ ಮೇಷ್ಟ್ರು ಬೆರಳಿನಿಂದ ಮಂಚದ ಪಟ್ಟಿ ಕುಟ್ಟತೊಡಗಿದರು, ಒಮ್ಮೆ ತಟ್ಟನೆ, ಒಮ್ಮೆ ಒತ್ತಿಹಿಡಿದು. ಮೊದಲು ಅರ್ಥವಾಗಲಿಲ್ಲ. ಆಮೇಲೆ ಗೊತ್ತಾಯಿತು, ಅದು ಮೋರ್ಸ್. ಅವರ ಕಾಲ್‌ಸೈನಿನ ಮೊದಲ ಎರಡು ಅಕ್ಷರ, ಒಂದು ಅಂಕಿ. ಅಲ್ಲಿಗೆ ಬೆರಳು ನಿಂತಿತು. ಮತ್ತೆ ಮೊದಲಿನಿಂದ. ಮತ್ತೆ ಅಲ್ಲೇ. ಐವತ್ತು ವರ್ಷ ದಿನಕ್ಕೆ ಹತ್ತು ಸಲ ಹೇಳಿದ್ದ ಹೆಸರು. ನಾನು ಮುಂದಿನ ಅಕ್ಷರವನ್ನು ಅವರ ಪಕ್ಕದಲ್ಲೇ ಕುಟ್ಟಿದೆ. ಅವರು ನನ್ನ ಬೆರಳನ್ನು ಹಿಡಿದು ಪಕ್ಕಕ್ಕಿಟ್ಟರು.

ನಾಲ್ಕು ದಿನ ಬಿಟ್ಟು ಏಳು ಗಂಟೆಗೆ ಕ್ಯಾರಿಯರ್ ಮತ್ತೆ ಬಂತು, ಈ ಸಲ ತುಂಡುತುಂಡಾಗಿ. ಮೈಕಿನ ಸ್ವಿಚ್ಚನ್ನೇ ಮೋರ್ಸ್ ಕುಟ್ಟುವ ಕೀಲಿಯಂತೆ ಒತ್ತಿ ಬಿಡುತ್ತಿದ್ದರು. ಸದ್ದು ತಗ್ಗುತ್ತದೆ, ಏಳುತ್ತದೆ. ತಗ್ಗಿದ ಹೊತ್ತು ಸಣ್ಣದಾದರೆ ಚುಕ್ಕಿ, ಉದ್ದವಾದರೆ ಗೆರೆ. ಪೆನ್ಸಿಲ್ ಹಿಡಿದು ಬರೆದುಕೊಂಡೆ. ಐದು ಬಂತು, ಆರನೆಯದು ಬರಲಿಲ್ಲ. ನನಗೆ ತಡೆಯಲಾಗಲಿಲ್ಲ. ಅವರ ಪೂರ್ತಿ ಕಾಲ್‌ಸೈನ್ ನಾನೇ ಹೇಳಿ, ಬನ್ನಿ ಮೇಷ್ಟ್ರೇ, ಚೆನ್ನಾಗಿ ಕೇಳಿಸಿತು ಎಂದೆ.

ಮತ್ತೆ ಏನೂ ಬರಲಿಲ್ಲ. ಸಂಜೆ ಆಕೆ ಫೋನಿನಲ್ಲಿ ಹೇಳಿದರು: ‘ಸೆಟ್ಟಾರ್ಸಿ ಮೊಕ ತಿರುಕ್ಕೊಂಡ್ ಮನಿಕಂಡ್ರು. ಕನಿಕ್ರ ತೋರುಸ್ಬ್ಯಾಡ ಕಣಪ್ಪ. ಅವ್ರು ಎಸ್ರೇಳಾಗಂಟ ಸುಮ್ಕಿರು.’

ಅಂದಿನಿಂದ ಸುಮ್ಮನಿದ್ದೇನೆ. ನಾನು ಅವರನ್ನು ಕರೆದು, ಸ್ವಿಚ್ ಬಿಟ್ಟು, ಪೆನ್ಸಿಲ್ ಹಿಡಿದು ಕೂರುತ್ತೇನೆ. ಕೆಲವು ದಿನ ಮೂರು, ಕೆಲವು ದಿನ ಐದು. ಒಮ್ಮೆ ಅಂಕಿ ತಪ್ಪಿತು, ಅವರೇ ಅಳಿಸುವ ಗುರುತು ಕೊಟ್ಟು ಮತ್ತೆ ಮೊದಲಿನಿಂದ ಹಿಡಿದರು. ಆರೂ ಸರಿಯಾಗಿ ಬಂದದ್ದು ಇದುವರೆಗೆ ಒಂದು ಸಲ, ಹೋದ ಬುಧವಾರ. ಅಂದು ನಾನು ಗಾಳಿಯಲ್ಲಿ ಮೊದಲ ಸಲ ಸಿಕ್ಕವರಿಗೆ ಹೇಳುವಂತೆ ಅವರ ಕಾಲ್‌ಸೈನ್ ತಿರುಗಿ ಹೇಳಿ, ನನ್ನದು ಹೇಳಿ, ಅಲೆ ಎಷ್ಟು ಬಲವಾಗಿದೆ ಎಂಬ ವರದಿ ಕೊಟ್ಟೆ. ಆಮೇಲೆ ಹೊಳೆಯ ನೀರಿನ ವಿಷಯ ಹೇಳಿದೆ. ಅಳಲಿಲ್ಲ. ಅತ್ತಿದ್ದರೆ ಅವರಿಗೆ ಕೇಳಿಸಿಬಿಡುತ್ತಿತ್ತು.

ಇವತ್ತು ನಾಲ್ಕು ಅಕ್ಷರ ಬಂತು. ನಾನು ಉತ್ತರ ಕೊಡಲಿಲ್ಲ.