ಕಿವಿ ಅಳೆದ ಕೊಗ್ಗಣ್ಣ

ಕೊಗ್ಗಣ್ಣನ ಕೊರಳಲ್ಲಿ ಅಳತೆಯ ಟೇಪು ಇಲ್ಲದ್ದನ್ನು ನಾನು ನೋಡಿಯೇ ಇಲ್ಲ. ಊಟಕ್ಕೆ ಕೂತರೆ ಅದರ ತುದಿ ಸಾರಿನಲ್ಲಿ ಮುಳುಗಿರುತ್ತಿತ್ತು. ನನ್ನ ಮಗಳ ಮಾವ ಅವರು. ಕೊಲ್ಲಿ ದೇಶದ ಮನಾಮಾದಲ್ಲಿ, ಸೂಕ್ ಎನ್ನುವ ಪೇಟೆಯಲ್ಲಿ ಟೈಲರ್. ಎಂಬತ್ತನೇ ಇಸವಿಯ ಸುಮಾರಿಗೆ ಮೊಮ್ಮಕ್ಕಳನ್ನು ನೋಡಿಕೊಳ್ಳಲು ಮಗಳು ನನ್ನನ್ನು ಕರೆಸಿಕೊಂಡಳು. ಅಲ್ಲಿನ ಹೂರಾ ಬಡಾವಣೆಯ ಒಂದೇ ಫ್ಲಾಟಿನಲ್ಲಿ ಎಲ್ಲರೂ ಇದ್ದೆವು.

ಕೊಗ್ಗಣ್ಣನ ಮನೆತನದಲ್ಲಿ ಯಾರಿಗೂ ಮಲೇರಿಯಾ ಬಂದಿಲ್ಲವಂತೆ. "ನಮ್ಮ ರಕ್ತ ಕುಡಿದ್ರೆ ಸೊಳ್ಳೆಗೇ ಚಳಿ ಹಿಡೀತದೆ ಅಕ್ಕ!" ನನ್ನ ಅಣ್ಣನಿಗೆ ಒಮ್ಮೆ ಬಂದಿತ್ತು. ಅಷ್ಟಕ್ಕೇ ನಮ್ಮ ಕಡೆಯ ರಕ್ತ ಕಳಪೆಯಾಯಿತು. ನನಗೆ ಒಮ್ಮೆಯೂ ಬಂದಿರಲಿಲ್ಲ. ಅದನ್ನು ಯಾರು ಕೇಳಿದರು?

ಒಂದು ಮಳೆಗಾಲ ಮಗಳು ಮಕ್ಕಳಿಬ್ಬರನ್ನೂ ಕರೆದುಕೊಂಡು ಮಂಗಳೂರಿಗೆ ಹೊರಟಳು. ಡಾಕ್ಟರು ಇಬ್ಬರಿಗೂ ಮಲೇರಿಯಾ ತಡೆಯುವ ಗುಳಿಗೆ ಕೊಟ್ಟಿದ್ದರು. ಕೊಗ್ಗಣ್ಣ ಟೇಪು ತೆಗೆದು ಹುಡುಗರ ಕಿವಿ ಅಳೆದರು.

"ರವಿಯದ್ದು ನಮ್ಮ ಕಿವಿ. ರಕ್ತವೂ ನಮ್ಮದೇ. ಗುಳಿಗೆ ಬೇಡ. ಮನುವಿನದ್ದು ನಿಮ್ಮ ಕಿವಿ, ಅವನಿಗೆ ತಪ್ಪದೆ ಕೊಡಿ."

"ಸೊಳ್ಳೆ ಕಿವಿ ನೋಡಿ ಕಚ್ತದಾ, ಕೊಗ್ಗಣ್ಣ?"

"ಮಗು ಅಂದ್ರೆ ಕೋಟು ಮಾರಾಯ್ತಿ. ಮೇಲಿನ ಬಟ್ಟೆ ಅಪ್ಪನದ್ದು. ಅಮ್ಮನದ್ದು ಬರೀ ಲೈನಿಂಗ್."

ಮಗಳು ಮಾವನ ಮಾತು ಮೀರುವವಳಲ್ಲ. ರವಿಯ ಗುಳಿಗೆ ಕಪಾಟಿನಲ್ಲೇ ಉಳಿಯಿತು.

ಊರಿನಿಂದ ಬಂದ ವಾರದೊಳಗೆ ರವಿ ಮಂಚ ಅಲ್ಲಾಡುವಂತೆ ನಡುಗಿದ. ಆಸ್ಪತ್ರೆಯಲ್ಲಿ ರಕ್ತ ನೋಡಿ ಮಲೇರಿಯಾ ಎಂದರು. ಅದೇ ದಿನ ನಾನು ಬಟ್ಟೆ ಒಗೆಯುವಾಗ ಮನುವಿನ ಅಂಗಿಯ ಜೇಬಿನಲ್ಲಿ ಗುಳಿಗೆಗಳು ಸಿಕ್ಕಿದವು, ಒಂದೂ ತಿಂದಿರಲಿಲ್ಲ. ಆ ದೊಡ್ಡ ಜೇಬು ಹೊಲಿದದ್ದು ಕೊಗ್ಗಣ್ಣನೇ.

"ಕಹಿ, ಅಜ್ಜಿ" ಎಂದು ಮನು ಓಡಿದ. ಅವನಿಗೆ ಒಂದು ಸೀನೂ ಬಂದಿರಲಿಲ್ಲ.

ಕೊಗ್ಗಣ್ಣ ಅಂಗಡಿ ಮುಚ್ಚಿ ರವಿಯ ಮಂಚದ ಬಳಿ ಕೂತರು. ಊಟ ಬಿಟ್ಟರು. ಡಾಕ್ಟರಮ್ಮ ಉಡುಪಿಯವರು, ಅವರು ಬಂದೊಡನೆ ಕೊಗ್ಗಣ್ಣ ಕೇಳಿದರು: "ಡಾಕ್ಟ್ರೇ, ಕಿವಿ ನಮ್ಮದೇ ಅಲ್ವಾ? ಮತ್ತೆ ಹೇಗೆ?"

"ಕಿವಿಗೂ ಇದಕ್ಕೂ ಸಂಬಂಧ ಇಲ್ಲ ಅಜ್ಜರೇ. ರೋಗ ತಡೆಯುವ ಗುಣ ಅಪ್ಪನಿಂದಲೂ ಬರ್ತದೆ, ಅಮ್ಮನಿಂದಲೂ ಬರ್ತದೆ. ಅಣ್ಣನಿಗೆ ಬಂದ ಗುಣ ತಮ್ಮನಿಗೆ ಬರದೇ ಇರಬಹುದು. ಹೊರಗಿನಿಂದ ನೋಡಿದ್ರೆ ಕಾಣುವುದಿಲ್ಲ. ಬಂದಿದ್ರೂ ಅದನ್ನೇ ನಂಬಿ ಕೂರ್ಲಿಕ್ಕಾಗುದಿಲ್ಲ, ಗುಳಿಗೆ ಬೇಕೇ ಬೇಕು."

"ಅಂದ್ರೆ ಲೈನಿಂಗ್‌ನಿಂದಲೂ ಬರ್ತದಾ?"

ಡಾಕ್ಟರಮ್ಮ ನನ್ನ ಮುಖ ನೋಡಿದರು. "ಬರ್ತದಂತೆ" ಎಂದೆ.

ರವಿ ಗುಣವಾದ. ಕೊಗ್ಗಣ್ಣ ಜೇಬಿಲ್ಲದ ಅಂಗಿಗಳನ್ನು ಹೊಲಿದು ಇಬ್ಬರಿಗೂ ತೊಡಿಸಿದರು.

ಕೆಲವು ವರ್ಷಗಳ ನಂತರ ಅವರು ಊರಿಗೇ ಹೊರಟರು. ಏರ್‌ಪೋರ್ಟಿನಲ್ಲಿ, ಅಷ್ಟು ಜನರ ಎದುರು, ಟೇಪು ತೆಗೆದು ನನ್ನ ಕಿವಿ ಅಳೆದರು.

"ಎಂತ ಇದು, ನಾಚಿಕೆ ಇಲ್ವಾ?"

"ಮನುವನ್ನು ಕಾಪಾಡಿದ ಕಿವಿ. ಅಳತೆ ನೆನಪಿರ್ಲಿ ಅಕ್ಕ. ರವಿಗೆ ಹೆಣ್ಣು ನೋಡುವಾಗ ಬೇಕಾಗ್ತದೆ."

ಡಾಕ್ಟರಮ್ಮ ಹೇಳಿದ್ದರಲ್ಲಿ ಇಷ್ಟೇ ಅವರ ತಲೆಗೆ ಹೋದದ್ದು. ಆದರೆ ಅವರ ಜೇಬಿನಲ್ಲಿ ಗುಳಿಗೆಯ ಡಬ್ಬಿ ಇತ್ತು.

ಮರುವರ್ಷ ತೀರಿಕೊಂಡರು. ಮಲೇರಿಯಾದಿಂದಲ್ಲ, ಸಕ್ಕರೆ ಕಾಯಿಲೆಯಿಂದ. ಅದೂ ಅವರ ಮನೆತನದ್ದೇ; ಅದರ ಅಳತೆ ಮಾತ್ರ ಅವರು ತೆಗೆದಿರಲಿಲ್ಲ.